ಕಾಲುಚೀಲದಲ್ಲಿ ಪುದೀನ

ಅಮ್ಮಾ,

ಇವತ್ತು ಬೆಳಿಗ್ಗೆ ಒಗೆಯಲೆಂದು ಅಪ್ಪನ ಕಾಲುಚೀಲವನ್ನು ತಿರುವಿದಾಗ ಒಳಗಿಂದ ನಾಲ್ಕು ಪುದೀನ ಎಲೆ ಉದುರಿದವು, ಕಪ್ಪಾಗಿ, ಅಂಟಂಟಾಗಿ. ಮೂಸಿ ನೋಡಿದೆ. ಪುದೀನದ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ನೀನು ಹೋಗಿ ಎರಡು ವರ್ಷವಾದರೂ ಅದನ್ನು ನಾನು ಮರೆತಿಲ್ಲ.

ನಿನಗೆ ಎಲ್ಲಕ್ಕೂ ಪುದೀನವೇ ಮದ್ದು: ಅಕ್ಕಿಗೆ ಹುಳ ಬಿದ್ದರೆ ಪುದೀನ, ಹೊಟ್ಟೆ ಉಬ್ಬರಿಸಿದರೆ ಪುದೀನ, ಹೆಚ್ಚುವ ಮಣೆಯ ಈರುಳ್ಳಿ ನಾತಕ್ಕೂ ಪುದೀನ. ಹಾಗಾಗಿ ನೀನು ಅದನ್ನು ರವಿಕೆಯೊಳಗೆ ಇಟ್ಟುಕೊಳ್ಳತೊಡಗಿದಾಗ ಯಾರೂ ಏನೂ ಕೇಳಲಿಲ್ಲ. "ಇನ್ನು ಅಮ್ಮನ್ನ ಚಟ್ನಿಗೆ ರುಬ್ಬೋದೊಂದು ಬಾಕಿ" ಎಂದು ನಾನು ಗೇಲಿ ಮಾಡಿದೆ. ನೀನೂ ನಕ್ಕೆ. ಕೊನೆಗೆ ಆಸ್ಪತ್ರೆಯಲ್ಲಿ ನರ್ಸ್ ನಿನ್ನ ಎದೆಯ ಹುಣ್ಣನ್ನು ನನಗೆ ತೋರಿಸುವ ಹೊತ್ತಿಗೆ ನಿನಗೆ ಮಾತು ನಿಂತಿತ್ತು.

ಇವತ್ತು ಒಗೆಯುವುದನ್ನು ಅಲ್ಲೇ ಬಿಟ್ಟು ನೇರ ಅಪ್ಪನ ಹೊಲಿಗೆ ಅಂಗಡಿಗೆ ಹೋದೆ. ಅಪ್ಪ ಹೊಲಿಗೆ ಯಂತ್ರವನ್ನು ಎಡಗಾಲೊಂದರಲ್ಲೇ ತುಳಿಯುತ್ತಿದ್ದರು.

"ಅಪ್ಪ, ಕಾಲು ತೋರ್ಸಿ."

"ಏನಿಲ್ಲ ಕಣೇ, ಬೆವರು ವಾಸ್ನೆಗೆ ಇಟ್ಕೊಂಡೆ. ನಿಮ್ಮಮ್ಮ ಕಲಿಸಿದ್ದು."

"ಅಮ್ಮ ಕಲಿಸಿದ್ದು ಮುಚ್ಚಿಡೋದನ್ನ."

ಯಂತ್ರ ನಿಂತಿತು. ಬಲಗಾಲಿನ ಕಾಲುಚೀಲವನ್ನು ನಾನೇ ಕಳಚಿದೆ. ಹೆಬ್ಬೆರಳು ಕಪ್ಪಾಗಿತ್ತು.

"ಸಕ್ಕರೆ ಕಾಯಿಲೆಯವನು ಇದನ್ನ ತೋರ್ಸಿದ್ರೆ ಕತ್ತರಿಸಿಯೇ ಬಿಡ್ತಾರೆ" ಎಂದರು. "ಕತ್ತರಿ ಬುದ್ಧಿ ಟೈಲರಿಗೆ ಗೊತ್ತಿಲ್ವೇನೇ?" ಇಬ್ಬರಿಗೂ ನಗು ಬರಲಿಲ್ಲ.

ಅಂಗಡಿಯ ಬಾಗಿಲು ಹಾಕಿಸಿದ್ದೇನೆ. ಇಷ್ಟು ಸಾಹಿತ್ಯ ಓದಿಯೂ ಹೊಸಬರ ಮುಂದೆ ನನ್ನ ಹೆಸರು ಹೇಳಲು ತಡವರಿಸುತ್ತೇನೆ, ನಿನಗೆ ಗೊತ್ತು. ಮಧ್ಯಾಹ್ನ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಅಲ್ಲಿ ಅವರು ಖಂಡಿತ ಮತ್ತೆ "ಬೆವರು" ಎನ್ನುತ್ತಾರೆ. ಆಗ ಅವರ ಮಾತನ್ನು ತಡೆದು, ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ನಾನೇ ಹೇಳುತ್ತೇನೆ.