ತಗ್ಗುವ ಹಾಡಿಗೆ ನನ್ನ ಹೆಸರು

ಭಾನುವಾರ, ಜೂನ್ ೧೪

ದೀನತೆಯ ಮೇಲೆ ನಾನು ಬರೆದ ಹಾಡನ್ನು ಇವತ್ತು ಆರಾಧನೆಯಲ್ಲಿ ಹಾಡಿದರು. 'ಬಾಗಿದವನ ಕರ್ತನೆತ್ತುತ್ತಾನೆ, ಬೀಗಿದವನು ತಾನೇ ಬತ್ತುತ್ತಾನೆ.' ಪ್ರಾಸ ಚೆನ್ನಾಗಿಯೇ ಕೂತಿದೆ, ಬರೆದವನಿಗೆ ಕೂರಲಾಗಲಿಲ್ಲ. ಪಾದ್ರಿಗಳು "ನಮ್ಮ ಸಭೆಯ ಹೊಸ ಗೀತೆ" ಎಂದರೇ ಹೊರತು ನನ್ನ ಹೆಸರೆತ್ತಲಿಲ್ಲ.

ಅವರನ್ನು ಕೇಳುವ ಧೈರ್ಯ ಎಲ್ಲಿತ್ತು? ಆರಾಧನೆ ಮುಗಿದದ್ದೇ ತಡ, ಗಾಯನ ತಂಡ ನಡೆಸುವ ನರ್ಸಮ್ಮನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವಂತೆ, "ಬರೆದವನು ಸತ್ತೇ ಹೋದ ಅಂದ್ಕೊಂಡ್ರೇನಮ್ಮಾ?" ಎಂದೆ. ಯಾರೋ ನಕ್ಕರು. ಅವಳು ನಗಲಿಲ್ಲ.

"ತಪ್ಪಾಯ್ತು ಅಣ್ಣಾ."

ಮೈಕ್ ಹಿಡಿದು, ಹೊರಟವರನ್ನೆಲ್ಲ ನಿಲ್ಲಿಸಿ, ನನ್ನ ಹೆಸರು ಹೇಳಿದಳು. ಚಪ್ಪಾಳೆ ಬಿತ್ತು. ಕಪಾಳಕ್ಕೆ ಬಿದ್ದ ಹಾಗಿತ್ತು. ಆಮೇಲೆ ಹಾಡುಗಳ ಕಪಾಟಿನ ಕೀಲಿಯನ್ನು ನನ್ನ ಅಂಗೈಗೆ ಹಾಕಿ, "ಇನ್ಮೇಲೆ ನೀವೇ ಹಾಡ್ಸಿ" ಎಂದು ಹೊರಟುಹೋದಳು.

ಮನೆಯಲ್ಲಿ ಇವಳು ತಟ್ಟೆ ತೊಳೆಯುತ್ತಲೇ ಕೇಳಿದಳು: "ರಾತ್ರಿ ಪಾಳಿ ಮುಗಿಸ್ಕೊಂಡು ಬಂದು, ನಿದ್ದೆಗೆಟ್ಟು ಅದಕ್ಕೆ ರಾಗ ಹಾಕಿದ್ದು ಅವಳು ತಾನೇ? ಅವಳ ಹೆಸರು ಯಾರಾದ್ರೂ ಹೇಳಿದ್ರಾ? ಅವಳೇನಾದ್ರೂ ಕೇಳಿದ್ಲಾ?"

ಊಟ ಸೇರಲಿಲ್ಲ. ಪ್ರಾರ್ಥನೆಗೆ ಮಂಡಿಯೂರಿದರೆ 'ಕರ್ತನೇ' ಎನ್ನುವ ಮೊದಲೇ 'ನಾನು' ಎಂದು ಬಂತು.

ನಾಳೆ ಅವಳ ಮನೆಗೆ ಹೋಗಿ ಕ್ಷಮೆ ಕೇಳಬೇಕು. ಏನು ಹೇಳಲಿ ಎಂದು ಯೋಚಿಸುತ್ತಾ ಕೂತರೆ, ಅಕ್ಕಪಕ್ಕದವರೂ ಕೇಳಿ "ಎಂಥಾ ವಿನಯ ಈ ಮನುಷ್ಯನದು" ಅನ್ನಬೇಕು, ಅಂಥ ಮಾತುಗಳೇ ಹೊಳೆಯುತ್ತಿವೆ. ಥೂ. ತಗ್ಗುವುದರಲ್ಲೂ ನನಗೆ ಮೊದಲ ಸ್ಥಾನವೇ ಬೇಕು.