ಖಾಸೀಂಬಿ ಪಾಲಿನ ಹುಗ್ಗಿ

ಜನವರಿ 7, ಮಂಗಳವಾರ. ರೈಲಿನಾಗ, ಬೆಳಿಗ್ಗೆ

ಇವತ್ತೂ ನಮ್ಮೂರ ಪಲ್ಯೆ ಮಾರೋ ಖಾಸೀಂಬಿನೇ ನನಗ ಸೀಟ್ ಹಿಡದಿದ್ದಳು. ಪುಂಡಿಪಲ್ಯೆದ ಬುಟ್ಟಿ ಕಿಟಕಿ ಬಾಜೂಕ ಇಟ್ಟು, ಮ್ಯಾಲ ಕೈ ಚಾಚಿ ಕುಂತಿರ್ತಾಳ. ಯಾರರ ಸರಸಾಕ ಹೋದ್ರ ಮುಗೀತು. "ಅದು ಸೀರಿ ಅಂಗಡಿ ಮೇಡಮ್ಮಂದು, ಏಳ್ರಿ!" ಮೇಡಂ ಅಂತ, ನಾನು! ಕಲಬುರಗಿಯೊಳಗ ಮಂದಿ ಬಿಚ್ಚಿ ಒಗದ ಸೀರಿ ಮಡಚೂದೇ ನನ್ನ ನೌಕರಿ.

ಕೂಡೂದರಾಗ ಆಕಿ ಕಣ್ಣ ನನ್ನ ಕೊರಳ ಮ್ಯಾಲ. "ವಿಜಿ, ನಿನ್ನ ದೇವರ ದಾರ ಸವದಾದ ನೋಡ್ ಬೇ. ಇವತ್ತ ನಾಳೆ ಹರೀತದ."

ದಾರಕ್ಕ ಕಟ್ಟಿದ, ಲಿಂಗ ಇಡೋ ಕರಡಿಗಿ ಸೆರಗಿನಿಂದ ಹೊರಗ ಬಂದಿತ್ತು. ಬೊಟ್ಟು ಮಾಡಿ ತೋರಿಸಿದಳು, ಮುಟ್ಟಲಿಲ್ಲ. ಇಷ್ಟ ವರ್ಷ ಕೂಡಿ ಹೊಂಟೇವಿ, ಒಮ್ಮಿನೂ ಮುಟ್ಟಿಲ್ಲ. ಮುಟ್ಟಬ್ಯಾಡ ಅಂತ ನಾ ಅಂದಿಲ್ಲ... ಮುಟ್ಟು ಅಂತನೂ ಅಂದಿಲ್ಲ.

ಐತವಾರ ಹೊಸಾ ದಾರ ಹಾಕಸ್ತೇನಿ ಅಂದೆ. ಆಕಿ ಶೇಂಗಾ ಹಿಂಡಿ, ನನ್ನ ರೊಟ್ಟಿ, ಕೂಡಿ ತಿನ್ನೂದರಾಗ ಕಲಬುರಗಿ ಬಂತು.

ಜನವರಿ 8

ಅಂಗಡಿಯೊಳಗ ಮದುವಿ ಗಿರಾಕಿ. ಸಾಕಾಗ್ಯಾದ. ಬರಿಯಾಕ ಏನಿಲ್ಲ.

ಜನವರಿ 14, ಮಂಗಳವಾರ. ನಿಂಬರ್ಗಾ, ಮನಿಯಾಗ

ಸಂಕ್ರಾಂತಿ. ಎಳ್ಳು ಕೊಡೋದು ನೆವ, ಎಲ್ಲಾರೂ ನನ್ನ ನೋಡಾಕ ಬಂದಾರ.

ಗುರುವಾರ ರೈಲು ಹಳಿ ತಪ್ಪಿತು. ನಮ್ಮ ಬೋಗಿ ಬಾಜೂಕ ಉರುಳಿ ಬಿತ್ತು. ನನಗ ಹಣಿ ಮ್ಯಾಲ ಹೊಲಿಗಿ, ಮೈಕೈ ನೋವು. ಅಷ್ಟ. ಖಾಸೀಂಬಿ ದವಾಖಾನ್ಯಾಗ ಅದಾಳ.

ನಮ್ಮ ಅತ್ತಿ ಗಂಗಾಬಾಯಿ ಬಾಗಲದಾಗ ಕುಂತು ಬಂದವರಿಗೆಲ್ಲಾ ಹೇಳಿದ್ದೇ ಹೇಳಿದ್ದು. "ಕೊರಳಾಗಿನ ದಾರ ಹರದು ಲಿಂಗ ಎತ್ಲಾಗೋ ಹಾರಿ ಹೋತ್ರಿ. ಧೂಳಂದ್ರ ಧೂಳು, ಕಣ್ಣ ಕಾಣವಲ್ದು. ನಮ್ಮ ಸೊಸಿ ಅಂಗೈ ಚಾಚಿದ್ಲು ನೋಡ್ರಿ, ತಾನಾಗೇ ಬಂದು ಕೈಯಾಗ ಕುಂತಿತು! ಅದ ಉಳಿಸ್ತು ಈಕಿನ್ನ."

ಅತ್ತಿ ಕಡ್ಡೀನ ಗುಡ್ಡ ಮಾಡಿಲ್ಲ. ನಾ ಹೇಳಿದ್ದನ್ನೇ ಹೇಳಾಕತ್ತಾರ. ನಾ ಅಷ್ಟೇ ಹೇಳೇನಿ.

ಜನವರಿ 15

ಬರೀಬೇಕು. ಇಲ್ಲಂದ್ರ ಹುಚ್ಚು ಹಿಡೀತದ.

ಬೋಗಿ ಬಿದ್ದಾಗ ಖಾಸೀಂಬಿ ಕಾಲು ಸೀಟಿನ ಕಬ್ಬಿಣದ ಬುಡಕ ಸಿಕ್ಕಿತ್ತು. ನನ್ನ ಕೈ ಗಟ್ಟಿ ಹಿಡದಿದ್ದಳು. "ವಿಜಿ, ಕೈ ಬಿಡಬ್ಯಾಡ. ಬಿಡಬ್ಯಾಡ ಬೇ." ನಾ ಇನ್ನೊಂದು ಕೈ ಕೊರಳಿಗೆ ಹಚ್ಚಿದೆ. ದಾರ ಇಲ್ಲ. ಕರಡಿಗಿ ಇಲ್ಲ.

ತಲಿಯೊಳಗ ಅತ್ತಿ ಮಾತೊಂದೇ ಗುಂಯ್ ಅಂತು. ಮದುವಿಯಾಗಿ ಬಂದ ದಿನ ಅಂದಿದ್ರು — ಜೀವ ಹೋದ್ರ ಹೋಗ್ಲಿ, ಲಿಂಗ ಕಳಕೊಂಡು ಈ ಹೊಸ್ತಿಲ ತುಳೀಬ್ಯಾಡ ಅಂತ. ನನ್ನ ಜೀವದ ಮಾತು ಅದು. ಖಾಸೀಂಬಿ ಜೀವದ್ದಲ್ಲ.

ಆಕಿ ಬೆರಳು ಬಿಡಿಸಿ ಕೈ ಕಿತಕೊಂಡೆ. ಹೌದು, ಬಿಡಿಸಿದೆ. ಪಲ್ಯೆ ಎಲ್ಲಾ ಕಡೆ ಚೆಲ್ಲಿತ್ತು, ಅದರಾಗ ಕೈ ಆಡಿಸಿದೆ... ಕರಡಿಗಿ ಬಂದು ಅಂಗೈಗೆ ತಾಕಿತು. ಮುಷ್ಟಿ ಮುಚ್ಚಿದೆ. ಮ್ಯಾಲ ಕಿಟಕ್ಯಾಗ ಮುಖ ಕಂಡ್ವು, ತೊಗರಿ ರಾಶಿ ಬಿಟ್ಟು ಓಡಿ ಬಂದ ಮಂದಿ. ನನ್ನ ಜಗ್ಗಿ ಹೊರಗ ತಗದ್ರು. ನೀರು ಕೊಟ್ರು. "ಒಳಗ ಇನ್ನ ಯಾರರ ಅದಾರೇನ್ರಿ ತಾಯಿ?" ಅಂತ ಕೇಳಿದ್ರು.

ಬಾಯಿ ಬಿಡಲಿಲ್ಲ ನಾನು. ಮುಷ್ಟಿ ತೆರದು ಲಿಂಗ ನೋಡ್ಕೋತ ಕುಂತಿದ್ದೆ. ಆಕಿನ್ನ ತಗದಾಗ ಬಿಸಲು ನೆತ್ತಿಗೆ ಬಂದಿತ್ತು.

ಥೂ ನನ್ನ ಜಲ್ಮಕ್ಕ.

ಜನವರಿ 19, ಐತವಾರ

ಖಾಸೀಂಬಿ ಮಗ ಹಫೀಜ ಟಂಟಂ ಆಟೋ ಹೊಡೀತಾನ, ನಮ್ಮೂರಿಂದ ಸ್ಟೇಷನ್ನಿಗೆ. ಓಣ್ಯಾಗ ಸಿಕ್ಕಿದ್ದ. "ಅಮ್ಮಿ ಪಾದ ತಗದಾರ್ರಿ ಅಕ್ಕಾ. ಲೇಟ್ ಆತಂತ. ಜಲ್ದಿ ತಂದಿದ್ರ ಉಳೀತಿತ್ತು ಅಂದ್ರು ಡಾಕ್ಟರ್. ನಿಮ್ಮನ್ನ ಕೇಳಾಕತ್ತಾಳ."

ಬರ್ತೇನಿ ಅಂದೆ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ್ರಂತ. ಆಂವ ಏನೂ ಕೇಳಿರಲಿಲ್ಲ, ನಾನೇ "ನನಗ ಹಣಿ ಒಡದಿತ್ತಪ್ಪಾ, ಎಚ್ಚರ ಇರಲಿಲ್ಲ" ಅಂದೆ. ಸುಳ್ಳಿ.

ಅತ್ತಿ ಪೂಜಾ ಇಟ್ಟಾರ, ಮುಂದಿನ ಸೋಮವಾರ. ಮಠದಿಂದ ಸ್ವಾಮಿಗಳು ಬರ್ತಾರ, ಮಂದಿಗೆಲ್ಲಾ ಹುಗ್ಗಿ ಊಟ. ನಾ ಮೈಕಿನಾಗ ಹೇಳಬೇಕಂತ, ಲಿಂಗ ಹೆಂಗ ಬಂತು ಅಂತ.

ಜನವರಿ 22

ಬಸ್ ಹಿಡದು ದವಾಖಾನಿ ಗೇಟಿನ ತನಕ ಹೋದೆ. ಮೋಸಂಬಿ ತಗೊಂಡಿದ್ದೆ. ವಾಪಸ್ ಬಂದೆ. ಮೋಸಂಬಿ ಅತ್ತಿ ತಿಂದ್ರು.

ಜನವರಿ 25, ಶನಿವಾರ

ಹೋಗಿದ್ದೆ.

ಕಾಟಿನ ಮ್ಯಾಲ ಸಣ್ಣಾಕಿ ಆಗ್ಯಾಳ. ಚಾದರದ ಕೆಳಗ ಒಂದ ಕಡೆ ತಗ್ಗು. ಆ ಕಡೆ ನೋಡಬಾರದು ಅಂತ ಅದನ್ನೇ ನೋಡಾಕತ್ತಿದ್ದೆ. ಆಕೀನೇ ಮಾತು ತಗದಳು.

"ಸಿಕ್ತಲಾ ನಿನ್ನ ದೇವರು?"

ಹೂಂ ಅಂದೆ.

"ನನ್ನ ಸೊಂಟದ ಹತ್ರ ಬಂದು ಬಿದ್ದಿತ್ತು ಬೇ. ನೀ ಹುಚ್ಚಿ ಹಂಗ ಆ ಕಡೆ ಹುಡುಕಾಕತ್ತಿದ್ದಿ. ಕೂಗಿದ್ರ ಕೇಳವಲ್ಲಿ. ಅದಕ್ಕ ನಾನೇ ನಿನ್ನ ಕೈಗೆ ದೂಡಿದೆ." ಆಮ್ಯಾಲ ದನಿ ತಗ್ಗಿಸಿದಳು. "ನಾ ಮುಟ್ಟಬಾರದಿತ್ತು. ಅಂಥಾ ಟೈಮ್ ಇತ್ತು. ತಪ್ಪ ತಿಳ್ಕೋಬ್ಯಾಡ, ಮಾಫ್ ಮಾಡು."

ಅಯ್ಯೋ ಶಿವನೇ. ಆಕಿ ನನಗ ಮಾಫಿ ಕೇಳಾಕತ್ತಾಳ! ನೆಲಾ ಬಾಯಿ ತೆರದು ನುಂಗಬಾರದಾ ನನ್ನ. ನಾ ಬಿಟ್ಟು ಬಂದ ಕೈಲೇ ಹುಡುಕಿ ಕೊಟ್ಟಾಳ.

ಹೇಳಬೇಕು ಅಂತ ಬಾಯಿ ತೆರದೆ. ನರ್ಸ್ ಬಂದ್ಲು. ನರ್ಸ್ ಹೋದ್ಲು. ಆಗರ ಹೇಳಬೇಕಿತ್ತು.

"ಸೋಮವಾರ ಹುಗ್ಗಿ ಮಾಡ್ತಾರಂತಲ್ಲ? ನನ್ನ ಪಾಲಿಂದು ಕಳಸು. ಇಲ್ಲಿ ಗಂಜಿ ಕುಡದು ನಾಲಿಗಿ ಸತ್ತದ," ಅಂದು ನಕ್ಕಳು.

ಜನವರಿ 27, ಸೋಮವಾರ. ಸಂಜಿಮುಂದ

ಪೂಜಾ ಆತು.

ಮುಂಜಾನೆ ಅಡಿಗಿ ಮನ್ಯಾಗ ಅತ್ತಿಗೆ ಹೇಳಿದೆ. ಲಿಂಗ ತಾನಾಗೇ ಬಂದಿಲ್ರಿ, ಖಾಸೀಂಬಿ ದೂಡಿದ್ಲು ಅಂತ. ಕೈ ಬಿಟ್ಟಿದ್ದೂ ಹೇಳಿದೆ. ಹುಗ್ಗಿ ತಿರುವಾಕತ್ತಿದ್ರು, ಸೌಟು ನಿಂತಿತು. ಆಮ್ಯಾಲ "ಸ್ವಾಮಿಗಳು ಊರಾಗ ಬಂದಾರ. ಇವತ್ತ ಮನಿ ಮಾನ ಕಳೀಬ್ಯಾಡವ್ವ" ಅಂದ್ರು. ಸಿಟ್ಟಿಲೆ ಅನ್ನಲಿಲ್ಲ. ಬೇಡ್ಕೊಂಡ್ರು.

ಮೈಕ್ ಕೈಯಾಗ ಕೊಟ್ರು. ಮಂದಿ ಪೆಂಡಾಲ್ ತುಂಬ. "ತಾನಾಗೇ ಬಂತ್ರಿ" ಅಂದೆ. ಎಲ್ಲಾರೂ ಕೈ ಮುಗದ್ರು. ಒಬ್ಬ ಮುದುಕಿ ನನ್ನ ಕಾಲು ಮುಟ್ಟಿದ್ಲು.

ಪೆಂಡಾಲಿನ ಹೊರಗ ಟಂಟಂ ಬಾಜೂಕ ಹಫೀಜ ನಿಂತಿದ್ದ. ತಾಯಿ ಪಾಲಿನ ಹುಗ್ಗಿ ಒಯ್ಯಾಕ ಬಂದಿದ್ದ. ಎಲ್ಲಾ ಕೇಳ್ಯಾನ.

ಸ್ಟೀಲ್ ಡಬ್ಬಿ ತಗದೆ. "ಅದು ಬ್ಯಾಡ, ಪ್ಲಾಸ್ಟಿಕ್‌ದಾಗ ಹಾಕು, ವಾಪಸ್ ತರಬ್ಯಾಡ ಅನ್ನು" ಅಂದ್ರು ಅತ್ತಿ. ಪ್ಲಾಸ್ಟಿಕ್‌ದಾಗೇ ಹಾಕಿದೆ. ನಾನೇ ಹಾಕಿದೆ.

ಹಫೀಜ ಡಬ್ಬಿ ತಗೊಂಡ. ಮುಖ ನೋಡಲಿಲ್ಲ. "ಅಮ್ಮಿ ನನಗೆಲ್ಲಾ ಹೇಳ್ಯಾಳ್ರಿ. ವಿಜಿಗ ಏನೂ ಅನಬ್ಯಾಡ, ಆಕಿ ಹೆದರಿದ್ಲು ಅಂದಾಳ." ಗಾಡಿ ಚಾಲೂ ಮಾಡಿದ.

ಬೈದಿದ್ರ ಚೊಲೋ ಇತ್ತು.

ಜನವರಿ 29, ಬುಧವಾರ. ರೈಲಿನಾಗ

ಅವತ್ತಿನ ಮ್ಯಾಲ ಇವತ್ತ ಮೊದಲ ಸಲ ಹತ್ತೇನಿ.

ಹಫೀಜನ ಟಂಟಂದಾಗೇ ಬಂದೆ. ಇಳಿಯುವಾಗ ಪ್ಲಾಸ್ಟಿಕ್ ಡಬ್ಬಿ ಕೈಯಾಗಿಟ್ಟ. ತಿಕ್ಕಿ ತೊಳದಾರ. "ಅಮ್ಮಿ ಪೂರಾ ತಿಂದಳು. ಬೆಲ್ಲ ಕಮ್ಮಿ ಆಗ್ಯಾದಂತ, ಹೇಳು ಅಂದಾಳ." ಸ್ಟೇಷನ್ನಿನಾಗ ನಿಂತು ಅತ್ತೆ. ಮಂದಿ ನೋಡಿದ್ರು, ನೋಡ್ಲಿ.

ಕಿಟಕಿ ಬಾಜೂಕ ಯಾರೋ ಕುಂತಿದ್ರು. ಏಳ್ರಿ ಅನ್ನಾಕಿ ಇಲ್ಲ. ಎದರಿನ ಹೆಣ್ಣಮಗಳು ಗುರ್ತು ಹಿಡದು ತನ್ನ ಜಾಗಾ ಕೊಟ್ಟಳು, ಬ್ಯಾಡ ಅಂದ್ರೂ ಬಿಡಲಿಲ್ಲ. "ಲಿಂಗ ತಾನಾಗೇ ಕೈಯಾಗ ಬಂತಲ್ಲ, ಅವರೇ ಇವರು! ಹೆಂಗ ಬಂತು, ಸ್ವಲ್ಪ ಹೇಳ್ರಿ ಅಕ್ಕಾರ."

ಸುತ್ತ ಕುಂತವರೆಲ್ಲಾ ಈ ಕಡೆ ತಿರಗ್ಯಾರ. ಕೆಲಸ ಇದ್ದಾಕಿ ಹಂಗ ತಲಿ ತಗ್ಗಿಸಿ ಬರಿಯಾಕತ್ತೇನಿ. ಡಬ್ಬಿ ತೊಡಿ ಮ್ಯಾಲ ಅದ. ಬಿಡವಲ್ಲರು, ಮತ್ತ ಮತ್ತ ಕೇಳಾಕತ್ತಾರ.

ಇಲ್ರಿ, ಅಂದೆ. ತಾನಾಗೇ ಬಂದಿಲ್ರಿ.

"ಮತ್ತ? ಯಾರು ಕೊಟ್ರು?"

ಪೆನ್ನ ಮುಚ್ಚಬೇಕು. ಹೆಸರು ಮೊದಲ ಹೇಳ್ಲೋ... ಇಲ್ಲ. ಹೆಸರಿಗಿಂತ ಮೊದಲ ಇದನ್ನ ಹೇಳಬೇಕು — ನಾನು ಆಕಿ ಕೈ ಬಿಟ್ಟೆ ಅಂತ.