ಮೊಂಡು ಮಾಡಿದ ಕತ್ತಿ

ಜಿನೊಟೇಗಾ, ನಿಕರಾಗುವಾ
ಶನಿವಾರ, 12 ಮಾರ್ಚ್ 1994

ಪ್ರೀತಿಯ ರೊಮೆಲಿಯಾ ಅಕ್ಕಾ,

ನವೆಂಬರಿನಲ್ಲಿ ಅಪ್ಪ ಕ್ಷೌರ ಮಾಡುವಾಗ ನಮ್ಮ ಹಳೇ ಗಿರಾಕಿ ದೊನ್ ತೊರೀಬಿಯೋ ಅವರ ಕತ್ತು ಕುಯ್ದುಹೋಯಿತಲ್ಲ, ಆ ಕತ್ತಿಯನ್ನು ಬೇಕೆಂದೇ ಮೊಂಡು ಮಾಡಿದ್ದವಳು ನಾನು. ನಾಲ್ಕು ತಿಂಗಳಿಂದ ಯಾರಿಗೂ ಹೇಳಿರಲಿಲ್ಲ. ನಿನ್ನ ಬೆನ್ನುನೋವು ಹೇಗಿದೆ? ಕೋಸ್ಟರಿಕಾದ ಆ ಮನೆಯವರು ಈಗಲಾದರೂ ಭಾನುವಾರ ರಜೆ ಕೊಡುತ್ತಾರಾ? ಮೊದಲು ಕೇಳಬೇಕಾದದ್ದನ್ನು ಆಮೇಲೆ ಕೇಳುತ್ತಿದ್ದೇನೆ, ಬೇಜಾರಾಗಬೇಡ. ಕ್ಷೇಮಸಮಾಚಾರದಿಂದ ಶುರುಮಾಡಿದ್ದರೆ ಇವತ್ತೂ ಅಲ್ಲಿಗೇ ಮುಗಿಸಿಬಿಡುತ್ತಿದ್ದೆ.

ಅಪ್ಪನ ಬಲಗೈ ನಡುಗುತ್ತದೆ, ಅಕ್ಕಾ. ನನಗೆ ಮೊದಲು ಗೊತ್ತಾದದ್ದು ಕತ್ತಿ ಹದ ಮಾಡುವ ತೊಗಲ ಪಟ್ಟಿಯಿಂದ. ಶಾಲೆ ಬಿಟ್ಟು ಅಂಗಡಿಗೆ ಬಂದ ಮೊದಲ ವಾರ ನಾನು ಕತ್ತಿಯನ್ನು ಬಾಯಿಯ ಕಡೆಯಿಂದ ತಿರುಗಿಸಲು ಹೋದಾಗ, "ಬೆನ್ನ ಮೇಲೆ ಹೊರಳಿಸೇ, ಕತ್ತೆ! ತೊಗಲನ್ನೇ ಕುಯ್ಯೋಳು ಗಿರಾಕೀನ ಬಿಡ್ತೀಯಾ?" ಎಂದು ಕೈ ಹಿಡಿದುಕೊಂಡಿದ್ದ. ಮೂವತ್ತು ವರ್ಷ ಒಂದು ಗೀರೂ ಬೀಳದ ಆ ಪಟ್ಟಿಯ ಮೇಲೆ ಅಕ್ಟೋಬರಿನಲ್ಲಿ ಐದು ಗೀರುಗಳಿದ್ದವು. ನಾನು ಮಾಡಿದ್ದಲ್ಲ.

ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ. ಮೊಂಡಾದರೆ ತಾನೇ ಕೆಳಗಿಡುತ್ತಾನೆ ಎಂದುಕೊಂಡು ಕತ್ತಿಯ ಬಾಯನ್ನು ರಮ್ ಬಾಟಲಿಯ ಗಾಜಿಗೆ ಉಜ್ಜಿದೆ. ಕತ್ತಿ ಮೊಂಡಾದಷ್ಟೂ ಕೈ ಹೆಚ್ಚು ಒತ್ತುತ್ತದೆ ಎಂಬುದು ಹೊಳೆಯಲೇ ಇಲ್ಲ. ಅಪ್ಪ ಒತ್ತಿದ, ಕೈ ಜಾರಿತು. ಏಳು ಹೊಲಿಗೆ. ದೊನ್ ತೊರೀಬಿಯೋ ಮುಂದಿನ ತಿಂಗಳೇ ಬಂದು ಅದೇ ಕುರ್ಚಿಯಲ್ಲಿ ಕೂತು, ಅಪ್ಪನನ್ನು ನೋಡಿ, "ಬಲಗಡೆ ಆಯ್ತಲ್ಲಯ್ಯಾ ಸೆವೆರೀನೋ, ಎಡಗಡೆ ಯಾವಾಗ? ನನ್ನ ಹೆಂಡ್ತಿ ಕೇಳ್ತಿದ್ಲು" ಎಂದು ನಕ್ಕರು.

ತಪ್ಪೆಲ್ಲ ಕತ್ತಿಯದೇ ಎಂದು ಅಪ್ಪ ಊರಿಗೆಲ್ಲ ಹೇಳಿದ. ಕತ್ತಿ ಹರಿತವಾಗಲೆಂದು ತಿಂಗಳಿಗೊಮ್ಮೆ ಹಚ್ಚುತ್ತಿದ್ದ ಹಸಿರು ಪೇಸ್ಟನ್ನು ಈಗ ದಿನವೂ ಪಟ್ಟಿಗೆ ಬಳಿದು ಕತ್ತಿ ತಿಕ್ಕುತ್ತಾನೆ. ಅದು ಯಾವತ್ತೂ ಇಷ್ಟು ಹರಿತವಾಗಿರಲಿಲ್ಲ. ಅವನ ಕೈ ಯಾವತ್ತೂ ಇಷ್ಟು ನಡುಗಿರಲಿಲ್ಲ. ಗಿರಾಕಿ ಗಲ್ಲ ಎತ್ತಿದಾಗಲೆಲ್ಲ ನಾನು ಕಸ ಚೆಲ್ಲುವ ನೆಪದಲ್ಲಿ ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ, ಕೂಗು ಕೇಳುತ್ತದೆಯೋ ಎಂದು.

ಇವತ್ತು ಮಧ್ಯಾಹ್ನ ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಬಾಟಲಿಯ ವಿಷಯ, ಗೀರಿನ ವಿಷಯ, ಕೈಯ ವಿಷಯ. ಮನಾಗ್ವಾದ ಆಸ್ಪತ್ರೆಗೆ ಹೋಗೋಣ ಎಂದೂ ಅಂದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಕತ್ತಿಯನ್ನು ನನ್ನ ಕೈಗಿಟ್ಟು, ಕುರ್ಚಿಯಲ್ಲಿ ತಾನೇ ಕೂತು ಕತ್ತೆತ್ತಿದ. "ಬಾ, ನಿನ್ನ ಕೈ ನೋಡೋಣ." ನೊರೆ ಹಚ್ಚಿದೆ. ಕಿವಿಯ ಕೆಳಗೆ ಕತ್ತಿ ಇಟ್ಟೆ, ಎಳೆಯಲಾಗಲಿಲ್ಲ. ಅವನ ನರ ನನ್ನ ಬೆರಳ ಕೆಳಗೆ ಹೊಡೆದುಕೊಳ್ಳುತ್ತಿತ್ತು. "ಹೆದರಿಕೆನಾ? ನಂಗೂ ದಿನಾ ಹಿಂಗೇ ಆಗ್ತದೆ ಕಣೇ" ಅಂದ. ಮುಖ ಒರೆಸಿಕೊಂಡು ಎದ್ದುಹೋದ. ಆಗಿನಿಂದ ಪಟ್ಟಿಯ ಮೇಲೆ ಕತ್ತಿ ಎಳೆಯುತ್ತಲೇ ಇದ್ದಾನೆ; ಆ ಸದ್ದು ಕೇಳುತ್ತಲೇ ಇದನ್ನು ಬರೆಯುತ್ತಿದ್ದೇನೆ. ಸೋಮವಾರ ದೊನ್ ತೊರೀಬಿಯೋ ಬರುವ ದಿನ.

ಕನ್ಯಾಮಾತೆ ನಿನ್ನನ್ನು ಕಾಯಲಿ. ಕೆಲಸದ ಭರದಲ್ಲಿ ಊಟ ಬಿಡಬೇಡ.

ನಿನ್ನ ತಂಗಿ,
ಸೊಯ್ಲಾ

ಇನ್ನೊಂದು: ಅಪ್ಪ ಈಗತಾನೇ ಬಾಗಿಲಿಗೆ ಬಂದು, "ಮನಾಗ್ವಾ ಬಸ್ಸು ನಾಲ್ಕಕ್ಕೋ ಐದಕ್ಕೋ?" ಎಂದು ಕೇಳಿದ. ಬೆಳಗಿನ ಜಾವ ನಾಲ್ಕಕ್ಕೆ ಅಂದೆ. ಡಾಕ್ಟರು ಏನನ್ನುತ್ತಾರೋ ಗೊತ್ತಿಲ್ಲ. ಬರಲು ಆದರೆ ನೀನೂ ಬಾ. ನಾಳೆ ನಾವಿಬ್ಬರೂ ಹೊರಡುತ್ತೇವೆ.